ಮುನಿಕೃಷ್ಣಮ್ಮನ ಸಾಕ್ಷಿ

ಬ್ಯಾಟರಾಯನಪುರದ ಹೊಲಗಳೆಲ್ಲ ಲೇಔಟಾಗಿ, ಲೇಔಟಿನ ಸೈಟುಗಳಲ್ಲೆಲ್ಲ ಅಪಾರ್ಟ್‌ಮೆಂಟು ಎದ್ದ ಮೇಲೂ ಮುನಿಕೃಷ್ಣಮ್ಮ ಹಸು ಕಟ್ಟುವುದನ್ನು ಬಿಟ್ಟಿರಲಿಲ್ಲ. ಮಗ ನಾಗೇಶ ಬಿಲ್ಡರು. ಸಂಜಯನಗರದಲ್ಲೊಂದು, ಕೊಡಿಗೇಹಳ್ಳಿಯಲ್ಲೊಂದು ಅಂತ ಅವನ ಕಟ್ಟಡದ ಕೆಲಸ ಸದಾ ನಡೆಯುತ್ತಲೇ ಇರುತ್ತಿತ್ತು. "ಅಮ್ಮಾ, ಸೆಗಣಿ ವಾಸನೆ ಅಂತ ಬಾಡಿಗೆಯವ್ರು ಕಂಪ್ಲೇಂಟ್ ಮಾಡ್ತಾರೆ, ಮಾರಿಬಿಡೋಣ" ಅಂತ ಅವನು ಆಗಾಗ ಗೊಣಗುತ್ತಿದ್ದ.

"ವಾಸ್ನೆ ಬ್ಯಾಡ ಅನ್ನೋರು ಬೇರೆ ಮನೆ ನೋಡ್ಕಳ್ಳಿ. ಈ ಜಾಗಕ್ಕೆ ಅಸು ಮೊದ್ಲು ಬಂದಿದ್ದು" ಅಂತ ಅವರು ಮಾತು ಮುಗಿಸಿಬಿಡುತ್ತಿದ್ದರು.

ಗಂಡ ತೀರಿಕೊಂಡಾಗ ನಾಗೇಶ ಇನ್ನೂ ಸ್ಕೂಲಿಗೆ ಹೋಗುತ್ತಿದ್ದ. ಜಮೀನಿನ ತಕರಾರು, ದಾಯಾದಿಗಳ ಜಗಳ, ಮಗನ ಓದು ಎಲ್ಲವನ್ನೂ ಒಬ್ಬರೇ ನಿಭಾಯಿಸಿದ ಹೆಂಗಸು. ಹಾಗಾಗಿ ಊರಿನಲ್ಲಿ ಯಾರೂ ಅವರ ಮಾತಿಗೆ ಎದುರು ಮಾತಾಡುತ್ತಿರಲಿಲ್ಲ. ಬೆಳಗಾದರೆ ಹಾಲಿನ ಕ್ಯಾನು ಹಿಡಿದು ಸರ್ವಿಸ್ ರೋಡ್ ದಾಟಿ ಡೇರಿಗೆ ಹೋಗಿ ಬರುವುದು ಅವರ ವಾಡಿಕೆ. ಆ ದಾರಿಯಲ್ಲೇ ಒಂದು ಬೆಳಿಗ್ಗೆ ಅವರ ಬಲಗಾಲು ಹೋಯಿತು.

ಮೆಟ್ರೋ ಕೆಲಸಕ್ಕೆ ಅಂತ ರಸ್ತೆ ಅಗೆದು ಬಸ್ ಸ್ಟಾಪಿನ ಹತ್ತಿರ ಮಣ್ಣು ಗುಡ್ಡೆ ಹಾಕಿದ್ದರು. ಸ್ಟಾಪಿನಲ್ಲಿ ಎಂದಿನಂತೆ ಜನ. ಗಾರ್ಮೆಂಟ್ಸ್ ಕೆಲಸಕ್ಕೆ ಹೊರಟ ಹೆಣ್ಣುಮಕ್ಕಳು, ಯೂನಿಫಾರ್ಮ್ ಹಾಕಿದ ಮಕ್ಕಳು, ಬ್ಯಾಗು ನೇತುಹಾಕಿಕೊಂಡ ಆಫೀಸಿನವರು. ಮುನಿಕೃಷ್ಣಮ್ಮ ಆ ಗುಂಪಿನಿಂದ ಸ್ವಲ್ಪ ದೂರ, ಮಣ್ಣಿನ ಗುಡ್ಡೆ ಪಕ್ಕದಲ್ಲಿ ರಸ್ತೆ ದಾಟಲು ನಿಂತಿದ್ದರು. ಆಗ ಫ್ಲೈಓವರ್ ಇಳಿಜಾರಿನ ಕಡೆಯಿಂದ ಒಂದೇ ಸಮನೆ ಹಾರ್ನ್ ಕೇಳಿತು.

ಚಿಕ್ಕಬಳ್ಳಾಪುರದ ಕಡೆಯಿಂದ ಜಲ್ಲಿ ತುಂಬಿಕೊಂಡು ಬಂದ ಟಿಪ್ಪರ್ ಲಾರಿ ಅದು. ಡ್ರೈವರ್ ಕಿಟಕಿಯಿಂದ ಅರ್ಧ ಮೈ ಆಚೆ ಹಾಕಿ, ಒಂದು ಕೈಯಲ್ಲಿ ಸ್ಟೇರಿಂಗ್ ಹಿಡಿದು ಇನ್ನೊಂದು ಕೈ ಬೀಸುತ್ತಾ "ಸರ್ಕೊಳ್ಳೀ! ಬ್ರೇಕ್ ಇಲ್ಲಾ! ಸರ್ಕೊಳ್ಳೀ!" ಅಂತ ಕೂಗುತ್ತಿದ್ದ. ಬಲಗಡೆ ಕಾರು, ಬೈಕುಗಳ ಸಾಲು. ನೇರ ಮುಂದೆ ಬಸ್ ಸ್ಟಾಪು. ಅವನ ಕಣ್ಣು ಒಮ್ಮೆ ಸ್ಟಾಪಿನ ಕಡೆ ಹೋಗಿದ್ದು, ಆಮೇಲೆ ತಮ್ಮ ಕಡೆ ತಿರುಗಿದ್ದು ಎರಡನ್ನೂ ಮುನಿಕೃಷ್ಣಮ್ಮ ಕಂಡರು. ಮರುಕ್ಷಣ ಲಾರಿ ಎಡಕ್ಕೆ ತಿರುಗಿ ಗುಡ್ಡೆಗೆ ನುಗ್ಗಿತು. ಅವರು ಹಿಂದಕ್ಕೆ ಜಿಗಿದರು. ಮೈ ಉಳಿಯಿತು. ಕಾಲು ಮಾತ್ರ ಬಂಪರಿನ ಕೆಳಗೆ ಸಿಕ್ಕಿ ಜಜ್ಜಿಹೋಯಿತು.

ಇಂಥ ಹೊತ್ತಿನಲ್ಲಿ ಜನರ ಕೈಗೆ ಸಿಗಬಾರದು ಅಂತ ಡ್ರೈವರುಗಳು ಓಡಿಹೋಗುವುದೇ ಹೆಚ್ಚು. ಇವನು ಓಡಲಿಲ್ಲ. ಹಣೆ ಒಡೆದು ರಕ್ತ ಸುರಿಯುತ್ತಿದ್ದರೂ ಕೆಳಗಿಳಿದು ಬಂದ. ಬಂದವನ ಬೆನ್ನಿಗೆ, ಕೆನ್ನೆಗೆ ಏಟು ಬಿತ್ತು. ಯಾರೋ ಕಲ್ಲೆತ್ತಿಕೊಂಡರು. ಅವನು ಹೆಗಲ ಮೇಲಿನ ಟವೆಲು ತೆಗೆದು ಮುನಿಕೃಷ್ಣಮ್ಮನ ಮೊಣಕಾಲಿನ ಮೇಲೆ ಬಿಗಿಯಾಗಿ ಕಟ್ಟುತ್ತಾ, ತಲೆ ಎತ್ತದೆ ಹೇಳಿದ: "ಹೊಡೀರಿ, ಆಮೇಲೆ ಹೊಡೀರಿ. ಮೊದ್ಲು ಒಂದು ಆಟೋ ತನ್ನಿ."

ಆ ಮಾತು ಕೇಳಿ ಕಲ್ಲೆತ್ತಿಕೊಂಡಿದ್ದವನೇ ಕಲ್ಲು ಬಿಸಾಕಿ ಆಟೋ ನಿಲ್ಲಿಸಿದ. ಆಸ್ಪತ್ರೆಯವರೆಗೂ ಅವರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಹೋದವನು ಆ ಡ್ರೈವರೇ. ಹೆಸರು ಖಾದರ್ ಬಾಷಾ. ಆರ್.ಟಿ. ನಗರದ ಹಿಂದಿನ ಗಲ್ಲಿಯಲ್ಲಿ ಹೆಂಡತಿ ಸುಗ್ರಾ ಜೊತೆ ಇದ್ದ. ವಯಸ್ಸು ನಲವತ್ತು ದಾಟಿತ್ತು.

ಮುನಿಕೃಷ್ಣಮ್ಮನಿಗೆ ಪೂರ್ತಿ ಎಚ್ಚರ ಬರುವಷ್ಟರಲ್ಲಿ ಮೊಣಕಾಲಿನಿಂದ ಕೆಳಗೆ ಏನೂ ಇರಲಿಲ್ಲ. ನಾಗೇಶ ಪಕ್ಕದಲ್ಲಿ ಕೂತು ಅಳುತ್ತಿದ್ದ. ಅವರು ತುಂಬಾ ಹೊತ್ತು ಹೊದಿಕೆ ಚಪ್ಪಟೆಯಾಗಿದ್ದ ಜಾಗವನ್ನೇ ನೋಡಿದರು. ಆಮೇಲೆ ಕೇಳಿದ ಮೊದಲ ಮಾತು, "ಆ ಡ್ರೈವರ್ ಏನಾದ?"

"ಒಳಗೆ ಹಾಕ್ಸಿದೀನಿ. ಅತಿವೇಗ, ಅಜಾಗರೂಕತೆ ಅಂತ ಕಂಪ್ಲೇಂಟ್ ಕೊಟ್ಟಿದೀನಿ. ಜೈಲಾಗೋವರ್ಗೂ ಬಿಡಲ್ಲ ಅವ್ನನ್ನ."

"ನೀನೆಲ್ಲಿದ್ದೆ ಅಲ್ಲಿ?"

ನಾಗೇಶ ತಬ್ಬಿಬ್ಬಾದ. "ನಾನಿರ್ಲಿಲ್ಲ. ಆದ್ರೆ..."

"ನಾನಿದ್ದೆ" ಅಂದರು ಮುನಿಕೃಷ್ಣಮ್ಮ. ಮತ್ತೆ ಕಣ್ಣು ಮುಚ್ಚಿಕೊಂಡರು.

ಅವರು ಮನೆಗೆ ಬಂದ ಕೆಲವು ದಿನಕ್ಕೆ, ಜಾಮೀನಿನ ಮೇಲೆ ಹೊರಗೆ ಬಂದಿದ್ದ ಖಾದರ್ ಬಾಷಾ ಹೆಂಡತಿಯನ್ನು ಕರೆದುಕೊಂಡು ಬಂದ. ನಾಗೇಶ ಗೇಟಿನಲ್ಲೇ ತಡೆದ. ಜೋರು ದನಿ ಕೇಳಿ ಮುನಿಕೃಷ್ಣಮ್ಮ ಒಳಗಿನಿಂದಲೇ ಕೂಗಿದರು: "ಯಾರದು? ಒಳಕ್ಕೆ ಬಿಡು."

ಸುಗ್ರಾ ಬಂದವಳೇ ಮಂಚದ ಪಕ್ಕ ನೆಲದ ಮೇಲೆ ಕೂತು ಅತ್ತುಬಿಟ್ಟಳು. ಖಾದರ್ ಬಾಗಿಲ ಹತ್ತಿರವೇ ನಿಂತ. ಹಣೆಯ ಹೊಲಿಗೆಯ ಗುರುತು ಇನ್ನೂ ಹಸಿಯಾಗಿತ್ತು.

"ಅಮ್ಮಾ, ಮಾಫಿ ಕೇಳೋಕೆ ಬಂದಿಲ್ಲ. ಅದು ಕೇಳೋ ಅಂಥದ್ದಲ್ಲ. ಒಂದು ಮಾತು ನಾನೇ ನಿಮಗೆ ಹೇಳ್ಬೇಕಿತ್ತು. ಬೇರೆಯವ್ರಿಂದ ನಿಮಗೆ ಗೊತ್ತಾಗ್ಬಾರದು."

"ಹೇಳಪ್ಪಾ, ಅದೇನು?"

"ನಿಮ್ಮನ್ನ ನಾನು ನೋಡಿದ್ದೆ. ಕಾಣ್ಲಿಲ್ಲ ಅಂತ ನಮ್ ವಕೀಲರು ಹೇಳು ಅಂತಾರೆ. ಸುಳ್ಳು ಅದು. ನೋಡಿದ್ದೆ. ನೋಡಿಯೇ ಆ ಕಡೆ ತಿರುಗಿಸ್ದೆ."

ನಾಗೇಶ ಮುಂದೆ ನುಗ್ಗಿದ. ಮುನಿಕೃಷ್ಣಮ್ಮ ಕೈ ಅಡ್ಡ ಹಿಡಿದರು.

"ನಂಗೊತ್ತು. ನೀನು ನೋಡಿದ್ದು ನಾನೂ ಕಂಡೆ" ಅಂದರು. "ಆ ಸ್ಟಾಪಲ್ಲಿ ಅಷ್ಟೊಂದು ಮಕ್ಕಳಿದ್ರು. ನಿನ್ನ ಜಾಗದಲ್ಲಿ ನಾನಿದ್ದಿದ್ರೂ ಅಂಗೇ ಮಾಡ್ತಿದ್ದೆ. ಅದಕ್ಕೆ ನಿನ್ನ ಮ್ಯಾಲೆ ನಂಗೆ ಸಿಟ್ಟಿಲ್ಲ. ಬೇರೆ ಒಂದು ಕೇಳ್ತೀನಿ. ಬ್ರೇಕ್ ಸರಿಯಿಲ್ಲ ಅಂತ ನಿಂಗೆ ಮೊದ್ಲೇ ಗೊತ್ತಿತ್ತಾ?"

ಖಾದರ್ ತಲೆ ತಗ್ಗಿಸಿದ. "ಪೂರ್ತಿ ಹೋಗುತ್ತೆ ಅಂತ ಗೊತ್ತಿರ್ಲಿಲ್ಲ. ಹಿಡಿಯೋದು ಕಮ್ಮಿ ಆಗಿದೆ ಅಂತ ಗೊತ್ತಿತ್ತು. ಯಶವಂತಪುರದಲ್ಲಿ ಮೊಯಿನುದ್ದೀನ್ ಭಾಯ್ ಗ್ಯಾರೇಜಲ್ಲಿ ತೋರಿಸ್ದೆ. ಲೈನರ್ ಸವೆದುಹೋಗಿದೆ, ಪೈಪ್ ಹಳೇದಾಗಿದೆ, ಗಾಡಿ ನಿಲ್ಸಿ ಅಂತ ಅವ್ರು ಓನರ್‌ಗೆ ಫೋನಲ್ಲೇ ಹೇಳಿದ್ರು. ನಾನೂ ಹೇಳ್ದೆ. ಈ ವಾರ ಲೋಡ್ ಜಾಸ್ತಿ ಇದೆ, ಮುಂದಿನ ವಾರ ಮಾಡ್ಸೋಣ, ನಿನ್ ಕೈಲಿ ಆಗಲ್ಲ ಅಂದ್ರೆ ಕೀ ಇಟ್ಟು ಹೋಗು, ಬೇರೆಯವ್ನು ಬರ್ತಾನೆ ಅಂದ್ರು. ನಾನು ಕೀ ಇಡ್ಬೇಕಿತ್ತು ಅಮ್ಮಾ. ಇಡ್ಲಿಲ್ಲ."

"ಅದು ನಿನ್ನ ತಪ್ಪು" ಅಂದರು ಮುನಿಕೃಷ್ಣಮ್ಮ, ಗಟ್ಟಿಯಾಗಿ.

"ಹೌದಮ್ಮಾ."

"ಓನರ್ ಯಾರು?"

ಖಾದರ್ ಹೆಸರು ಹೇಳಿದಾಗ ನಾಗೇಶನ ಮುಖ ಇಳಿದುಹೋಯಿತು. ಬಾಗಲಗುಂಟೆಯ ಲಕ್ಕಣ್ಣ. ಒಂದು ಸಾಲು ಟಿಪ್ಪರ್ ಇಟ್ಟವನು. ಮುನಿಕೃಷ್ಣಮ್ಮನ ನಾದಿನಿಯ ಮೈದುನ. ನಾಗೇಶನ ಸೈಟುಗಳಿಗೆ ಜಲ್ಲಿ, ಎಂ-ಸ್ಯಾಂಡ್ ಕಳಿಸುವವನೂ ಅವನೇ. ಲಾರಿ ಯಾರದು ಅಂತ ನಾಗೇಶನಿಗೆ ಆಸ್ಪತ್ರೆಯಲ್ಲಿದ್ದಾಗಲೇ ತಿಳಿದಿತ್ತು. ಅಮ್ಮನಿಗೆ ಹೇಳಿರಲಿಲ್ಲ, ಅಷ್ಟೆ.

ಮಾರನೆಯ ದಿನವೇ ಲಕ್ಕಣ್ಣ ಹಣ್ಣಿನ ಬುಟ್ಟಿ ಹೊರಿಸಿಕೊಂಡು ಬಂದ. ಅಕ್ಕನ ಸ್ಥಿತಿ ಕಂಡು ನಿಜಕ್ಕೂ ಕಣ್ಣೀರು ಹಾಕಿದ. ಕೆಟ್ಟ ಮನುಷ್ಯನಲ್ಲ. ಊರಿನ ಮದುವೆ, ಸಾವುಗಳಿಗೆಲ್ಲ ಮುಂದೆ ನಿಲ್ಲುವವನು. ಕಾಫಿ ಕುಡಿದು ಲೋಟ ಕೆಳಗಿಟ್ಟು ಮೆಲ್ಲಗೆ ವಿಷಯಕ್ಕೆ ಬಂದ.

"ಅಕ್ಕಾ, ಇನ್ಶೂರೆನ್ಸ್ ಇದೆ. ನಿಮಗೆ ಬರೋದು ಬಂದೇ ಬರುತ್ತೆ. ನಾನು ಬೇರೆ ಕೈ ಬಿಡಲ್ಲ. ಕೋರ್ಟಲ್ಲಿ ಡ್ರೈವರ್ ಜೋರಾಗಿ ಬಂದ ಅಂತ ಒಂದು ಮಾತು ಹೇಳಿಬಿಡಿ, ಸಾಕು. ಬ್ರೇಕ್ ಗೀಕ್ ಅನ್ನೋ ಮಾತು ಎತ್ತಬೇಡಿ. ಎತ್ತಿದ್ರೆ ಇನ್ಶೂರೆನ್ಸ್‌ನವ್ರು ತಕರಾರು ತೆಗೀತಾರೆ. ನಿಮಗೂ ತೊಂದ್ರೆ, ನನಗೂ ತೊಂದ್ರೆ."

"ಅವನಿಗೆ?"

"ಯಾರಿಗೆ?"

"ಡ್ರೈವರ್‌ಗೆ."

"ಅವ್ನಿಗೇನಕ್ಕಾ, ಒಂದಷ್ಟು ದಿನ ಕೋರ್ಟಿಗೆ ಓಡಾಡ್ತಾನೆ. ಡ್ರೈವರ್ ಅಂದ್ಮೇಲೆ ಇದೆಲ್ಲ ಇದ್ದಿದ್ದೇ."

ಮುನಿಕೃಷ್ಣಮ್ಮ ಹಣ್ಣಿನ ಬುಟ್ಟಿಯನ್ನು ಅವನ ಕಡೆಗೇ ಸರಿಸಿದರು. "ಲಕ್ಕಣ್ಣ, ನೀನು ನಮ್ಮನೆಯವ್ನು. ಊಟಕ್ಕೆ ಬಾ, ಹಬ್ಬಕ್ಕೆ ಬಾ. ಈ ವಿಷ್ಯಕ್ಕೆ ಮಾತ್ರ ಬರಬ್ಯಾಡ."

ಪರಿಹಾರದ ಕೇಸು ಹಾಕಿದ್ದ ವಕೀಲೆ ದಿವ್ಯ ಸಂಜಯನಗರದವಳು. ವಯಸ್ಸು ಚಿಕ್ಕದು, ಮಾತು ನೇರ. ಅವಳು ಮನೆಗೇ ಬಂದು ಏನನ್ನೂ ಮುಚ್ಚಿಡದೆ ವಿವರಿಸಿದಳು. "ಅಮ್ಮಾ, ಕೇಸು ಎರಡಿವೆ. ಒಂದು ಡ್ರೈವರ್ ಮೇಲೆ ಪೊಲೀಸರು ಹಾಕಿರೋದು. ಇನ್ನೊಂದು ಪರಿಹಾರಕ್ಕೆ ನಾವು ಹಾಕಿರೋದು. ಲಕ್ಕಣ್ಣೋರು ಹೇಳಿದ್ದು ಪೂರ್ತಿ ಸುಳ್ಳಲ್ಲ. ಆ ಲಾರಿಯ ಫಿಟ್‌ನೆಸ್ ಸರ್ಟಿಫಿಕೇಟ್ ಅವಧಿ ಬೇರೆ ಮುಗಿದಿದೆ. ಬ್ರೇಕಿನ ಮಾತು ಬಂದ್ರೆ, ಇಂಥ ಗಾಡಿಗೆ ನಾವು ಯಾಕೆ ಕೊಡ್ಬೇಕು ಅಂತ ಇನ್ಶೂರೆನ್ಸ್ ಕಂಪನಿ ಜಗಳಕ್ಕೆ ನಿಲ್ಲುತ್ತೆ. ಕೊನೆಗೆ ಪರಿಹಾರ ಸಿಗುತ್ತೆ ಅಂತ ನನ್ನ ನಂಬಿಕೆ. ಆದ್ರೆ ತುಂಬಾ ನಿಧಾನ ಆಗುತ್ತೆ. ಡ್ರೈವರ್ ತಪ್ಪು ಅಂದ್ರೆ ಬೇಗ ಮುಗಿಯುತ್ತೆ."

"ಬ್ರೇಕ್ ಓಗಿದ್ದು ನಿಜ ಅಂತ ಯಾರಾದ್ರೂ ಬರೆದಿದಾರಾ?"

"ಆರ್‌ಟಿಓ ಇನ್‌ಸ್ಪೆಕ್ಟರ್ ಲಾರಿ ನೋಡಿದಾರೆ. ಬ್ರೇಕ್ ಪೈಪ್ ಒಡೆದಿದೆ ಅಂತ ಹೇಳಿದಾರೆ. ಗುದ್ದೋಕೆ ಮುಂಚೆ ಒಡೀತೋ, ಗುದ್ದಿದ ಮೇಲೆ ಒಡೀತೋ, ಅದನ್ನ ಹೇಳೋಕಾಗಲ್ಲ ಅಂದಿದಾರೆ. ಆ ಮೆಕ್ಯಾನಿಕ್ ಬಂದು ಸಾಕ್ಷಿ ಹೇಳಿದ್ರೆ ವಿಷಯ ಬೇರೆ."

"ನಿಧಾನ ಆದ್ರೆ ಆಗ್ಲಿ" ಅಂದರು ಮುನಿಕೃಷ್ಣಮ್ಮ. "ನಂಗೇನು ಓಡ್ಬೇಕಾ?"

ದಿವ್ಯಳಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ಆಮೇಲೆ ಅವರೇ ನಕ್ಕರು, ಅವಳೂ ನಕ್ಕಳು.

ನಗದೇ ಇದ್ದವನು ನಾಗೇಶ. ದಿವ್ಯ ಹೋದ ಮೇಲೆ ಅವನು ಕೂಗಾಡಿದ. ಲಕ್ಕಣ್ಣನನ್ನು ಎದುರು ಹಾಕಿಕೊಂಡರೆ ಸೈಟಿಗೆ ಜಲ್ಲಿ ಬರುವುದಿಲ್ಲ, ನೆಂಟರಲ್ಲಿ ಮುಖ ತೋರಿಸುವಂತಿಲ್ಲ, ಎಲ್ಲಿಯದೋ ಡ್ರೈವರಿಗಾಗಿ ನಮಗೆ ಯಾಕೆ ಇದೆಲ್ಲ ಅಂದ. ಮುನಿಕೃಷ್ಣಮ್ಮ ಪೂರ್ತಿ ಕೇಳಿಸಿಕೊಂಡರು.

"ಡ್ರೈವರ್‌ಗೋಸ್ಕರ ಅಲ್ಲ ಕಣೋ. ನಾಳೆ ಆ ಸೀಟಲ್ಲಿ ಇನ್ನೊಬ್ಬ ಕೂತ್ಕಂತಾನೆ, ಗಾಡಿ ಅದೇ ಇರುತ್ತೆ. ಡ್ರೈವರ್‌ನ ಒಳಗಾಕಿದ್ರೆ ಬ್ರೇಕ್ ಸರಿ ಓಗುತ್ತಾ? ಓಗ್ಲಿ ಬಿಡು, ನಾಳೆ ನನ್ನ ಯಶವಂತಪುರಕ್ಕೆ ಕರ್ಕಂಡೋಗು. ನೀನು ಬರಲ್ಲ ಅಂದ್ರೆ ಆಟೋ ಇಡ್ಕಂಡು ಓಯ್ತೀನಿ."

ಅವರು ಆಟೋದಲ್ಲಿ ಹೋಗಿಯೇ ಹೋಗುತ್ತಾರೆ ಅಂತ ಗೊತ್ತಿದ್ದ ನಾಗೇಶ ಬಾಯಿ ಮುಚ್ಚಿಕೊಂಡು ಕಾರು ತೆಗೆದ.

ಮೊಯಿನುದ್ದೀನನ ಗ್ಯಾರೇಜು ಯಶವಂತಪುರದಲ್ಲಿ ಲಾರಿಗಳು ಸಾಲಾಗಿ ನಿಲ್ಲುವ ರಸ್ತೆಯಲ್ಲಿತ್ತು. ಊರುಗೋಲು ಊರಿಕೊಂಡು ಗ್ರೀಸು ಮೆತ್ತಿದ ನೆಲದ ಮೇಲೆ ಒಂದೊಂದೇ ಹೆಜ್ಜೆ ಇಟ್ಟು ಬಂದ ಹೆಂಗಸನ್ನು ಕಂಡು ಅವನು ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟ. ಯಾರು ಅಂತ ಹೇಳಬೇಕಾಗಲಿಲ್ಲ. ಒಂದು ಸ್ಟೂಲು ಒರೆಸಿ ಕೊಟ್ಟ.

"ಅಮ್ಮಾ, ನೀವು ಯಾಕೆ ಬಂದಿದೀರಿ ಅಂತ ಗೊತ್ತು. ನನ್ನ ಕೆಲ್ಸ ಎಲ್ಲ ಓನರ್‌ಗಳಿಂದಲೇ. ಒಬ್ಬರ ಮೇಲೆ ಸಾಕ್ಷಿ ಹೇಳಿದ್ರೆ ಉಳಿದವ್ರು ಈ ಬಾಗ್ಲಿಗೆ ಬರಲ್ಲ."

"ಬರ್ದೇನೂ ಇರಬೌದು" ಅಂದರು ಮುನಿಕೃಷ್ಣಮ್ಮ. "ಬರ್ತಾರೆ ಅಂತ ನಾನು ಸುಳ್ಳು ಭರವಸೆ ಕೊಡಲ್ಲ. ಒಂದೇ ಕೇಳ್ತೀನಿ. ಗಾಡಿ ನಿಲ್ಸಿ ಅಂತ ನೀನು ಲಕ್ಕಣ್ಣನಿಗೆ ಹೇಳಿದ್ದು ನಿಜವಾ?"

"ನಿಜ."

"ಅವತ್ತು ಅಷ್ಟು ಹೇಳೋಕೆ ನಿಂಗೆ ಧೈರ್ಯ ಇತ್ತಲ್ಲ."

ಮೊಯಿನುದ್ದೀನ್ ಕೆಳಗಿಟ್ಟಿದ್ದ ಸ್ಪ್ಯಾನರನ್ನು ಮತ್ತೆ ಕೈಗೆತ್ತಿಕೊಂಡ. ನಾಗೇಶ ಸುಮ್ಮನಿರಲಾರದೆ ಕೇಳಿದ: "ಇಂಥ ಗಾಡಿಗಳು ಇನ್ನೂ ಇವೆಯಾ?"

"ಸಾರ್, ನಿಮ್ಮ ಕೊಡಿಗೇಹಳ್ಳಿ ಸೈಟಿಗೆ ಬರೋ ಗಾಡಿಗಳೂ ಇಲ್ಲಿಗೇ ಬರ್ತವೆ. ಏನಂತ ಹೇಳ್ಲಿ. ಕೆಲವನ್ನ ನೋಡಿದ್ರೆ ನನಗೇ ರೋಡಲ್ಲಿ ನಡೆಯೋಕೆ ಭಯ ಆಗುತ್ತೆ."

ವಾಪಸ್ಸು ಬರುವಾಗ ಹೆಬ್ಬಾಳದ ಟ್ರಾಫಿಕ್ಕಿನಲ್ಲಿ ಕಾರು ನಿಂತಿತು. ಪಕ್ಕದಲ್ಲೊಂದು ಟಿಪ್ಪರ್, ಅದರ ಚಕ್ರ ಕಾರಿನ ಕಿಟಕಿಯಷ್ಟೆತ್ತರ. ನಾಗೇಶ ಅದನ್ನೇ ನೋಡುತ್ತಾ ಕೂತಿದ್ದ. ಸಿಗ್ನಲ್ ಬಿಟ್ಟ ಮೇಲೆ ಹೇಳಿದ: "ಕೋರ್ಟಿಗೆ ನಾನೇ ಕರ್ಕೊಂಡು ಹೋಗ್ತೀನಮ್ಮ."

ಡ್ರೈವರ್ ಮೇಲಿನ ಕೇಸು ವಿಚಾರಣೆಗೆ ಬರುವಷ್ಟರಲ್ಲಿ ವರ್ಷ ತುಂಬುತ್ತಾ ಬಂದಿತ್ತು. ಮುನಿಕೃಷ್ಣಮ್ಮ ಅಷ್ಟರಲ್ಲಿ ಕೃತಕ ಕಾಲು ಹಾಕಿಸಿಕೊಂಡಿದ್ದರು. ಮ್ಯಾಜಿಸ್ಟ್ರೇಟರು ಕೂತುಕೊಂಡೇ ಹೇಳಿ ಅಂತ ಕುರ್ಚಿ ಹಾಕಿಸಿದರೂ, "ನಿಂತ್ಕಂಡೇ ಹೇಳ್ತೀನಿ ತಾಯಿ, ಕಲ್ತಿದೀನಿ" ಅಂದು ಕಟಕಟೆ ಹಿಡಿದು ನಿಂತರು.

ಸರ್ಕಾರಿ ವಕೀಲರು ಕೇಳಿದರು: "ಲಾರಿ ಬಹಳ ವೇಗವಾಗಿ ಬಂತು, ಅಲ್ವಾ?"

"ಜೋರಾಗೇ ಬಂತು ಸಾಮಿ."

"ಚಾಲಕನ ಅಜಾಗರೂಕತೆಯಿಂದ ನಿಮಗೆ ಗಾಯವಾಯ್ತು?"

"ಅವ್ನು ಜಾಗರೂಕನಾಗಿದ್ದಕ್ಕೇ ನಂಗೊಬ್ಬಳಿಗೇ ಆಯ್ತು."

ಹಿಂದೆ ಕೂತಿದ್ದವರಲ್ಲಿ ಗುಜುಗುಜು ಶುರುವಾಯಿತು. ಮ್ಯಾಜಿಸ್ಟ್ರೇಟರು ತಲೆಯೆತ್ತಿದರು. ಸರ್ಕಾರಿ ವಕೀಲರ ದನಿ ಗಡುಸಾಯಿತು. "ಅಂದ್ರೆ? ಆತ ನಿಮ್ಮನ್ನ ನೋಡಿರಲಿಲ್ವಾ?"

"ನೋಡಿದ. ನೋಡಿಯೇ ನನ್ನ ಕಡೆ ತಿರುಗಿಸ್ದ. ನೇರ ಬಿಟ್ಟಿದ್ರೆ ಬಸ್ ಸ್ಟಾಪು. ಅಲ್ಲಿ ಗಾರ್ಮೆಂಟ್ಸ್ ಉಡ್ಗೀರು, ಸ್ಕೂಲ್ ಮಕ್ಕಳು. ಬ್ರೇಕ್ ಇಲ್ಲಾ ಅಂತ ಕಿರುಚ್ಕಂಡು ಬರ್ತಿದ್ದ, ನನ್ನ ಕಿವೀಲಿ ಕೇಳಿದೀನಿ. ಮಣ್ಣಿನ ಗುಡ್ಡೆಗೆ ಬಿಟ್ರೆ ನಿಲ್ಲುತ್ತೆ ಅಂತ ಬಿಟ್ಟ. ಗುಡ್ಡೆ ಪಕ್ಕ ನಾನಿದ್ದೆ. ಆಮ್ಯಾಲೆ ಓಡೋಗ್ಲಿಲ್ಲ. ಜನ ಒಡೀತಿದ್ರೂ ನನ್ನ ಕಾಲಿಗೆ ಬಟ್ಟೆ ಕಟ್ದ. ಇಲ್ದಿದ್ರೆ ದಾರೀಲೇ ಓಗ್ಬಿಡ್ತಿದ್ದೆ ಅಂತ ಡಾಕ್ಟ್ರು ಅಂದ್ರು. ನಾನು ಕಂಡಿದ್ದು ಇಷ್ಟು."

"ಬ್ರೇಕ್ ನಿಜವಾಗಿ ಹೋಗಿತ್ತು ಅಂತ ನಿಮಗೇನು ಗೊತ್ತು?"

"ಗೊತ್ತಿಲ್ಲ. ಗೊತ್ತಿರೋರು ಆಚೆ ನಿಂತವ್ರೆ, ಕರೆಸಿ ಕೇಳಿ."

ಹೊರಗೆ, ವರಾಂಡದ ಗೋಡೆಗೊರಗಿ, ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿಕೊಂಡು ಮೊಯಿನುದ್ದೀನ್ ನಿಂತಿದ್ದ. ಬರುತ್ತೇನೆ ಅಂತ ಅವನು ಯಾರಿಗೂ ಮಾತು ಕೊಟ್ಟಿರಲಿಲ್ಲ. ಆ ಬೆಳಿಗ್ಗೆ ತಾನಾಗಿಯೇ ಬಂದಿದ್ದ. ಖಾದರನ ವಕೀಲರು ಅವನನ್ನು ಸಾಕ್ಷಿಯಾಗಿ ಕರೆಯಲು ಅನುಮತಿ ಕೇಳಿ ಪಡೆದರು. ಮುಂದಿನ ವಾಯಿದೆಯಲ್ಲಿ ಅವನು ಕಟಕಟೆ ಹತ್ತಿ, ತಾನು ಲಾರಿ ನೋಡಿದ್ದು, ಲಕ್ಕಣ್ಣನಿಗೆ ಫೋನ್ ಮಾಡಿದ್ದು, ಲಕ್ಕಣ್ಣ ಮುಂದಿನ ವಾರ ನೋಡೋಣ ಅಂದಿದ್ದು ಎಲ್ಲವನ್ನೂ ಹೇಳಿದ. ಒಂದು ಮಾತನ್ನೂ ತಿರುಚಲಿಲ್ಲ.

ಖಾದರನನ್ನು ಏನಾದರೂ ಹೇಳುವುದಿದೆಯಾ ಅಂತ ಕೇಳಿದಾಗ, ಅವನ ವಕೀಲರು ಬೇಡ ಅಂತ ಸನ್ನೆ ಮಾಡುತ್ತಿದ್ದರೂ ಅವನು ಕೈ ಮುಗಿದು ಹೇಳಿದ: "ನಂದು ತಪ್ಪೇ ಇಲ್ಲ ಅನ್ನಲ್ಲ ಮೇಡಂ. ಸರಿಯಿಲ್ಲ ಅಂತ ಗೊತ್ತಿದ್ದೂ ಗಾಡಿ ಹತ್ತಿದೆ. ಆ ತಪ್ಪಿಗೆ ಏನು ಶಿಕ್ಷೆ ಕೊಟ್ರೂ ತಗೋತೀನಿ. ಜೋರಾಗಿ, ಮೈಮೇಲೆ ಎಚ್ಚರ ಇಲ್ದೆ ಓಡಿಸ್ದೆ ಅನ್ನೋದನ್ನ ಮಾತ್ರ ಒಪ್ಪಲ್ಲ."

ಮುನಿಕೃಷ್ಣಮ್ಮ ಹಿಂದಿನ ಬೆಂಚಿನಲ್ಲಿ ಸುಗ್ರಾಳ ಪಕ್ಕ ಕೂತಿದ್ದರು. ಆ ಮಾತು ಕೇಳಿ ಸುಗ್ರಾಳ ಕೈ ಹಿಡಿದುಕೊಂಡರು.

ಮ್ಯಾಜಿಸ್ಟ್ರೇಟರು ಲಾರಿಯ ಮಾಲೀಕ ಲಕ್ಕಣ್ಣನನ್ನೂ ಆರೋಪಿಯಾಗಿ ಸೇರಿಸಿ ಸಮನ್ಸ್ ಕಳಿಸಲು ಆದೇಶಿಸಿದರು. ಖಾದರನ ವಿಷಯದಲ್ಲಿ ತೀರ್ಪು ಕೆಲವು ತಿಂಗಳ ನಂತರ ಬಂತು. ಕೆಟ್ಟ ಗಾಡಿ ಅಂತ ತಿಳಿದೂ ರಸ್ತೆಗೆ ತಂದಿದ್ದು ತಪ್ಪು, ಆದರೆ ಅವನು ಆ ಗಳಿಗೆಯಲ್ಲಿ ಮಾಡಿದ್ದು ಜೀವ ಉಳಿಸುವ ಕೆಲಸ ಅಂತ ಹೇಳಿ, ಜೈಲಿಗೆ ಕಳಿಸದೆ ಒಳ್ಳೆಯ ನಡತೆಯ ಮುಚ್ಚಳಿಕೆ ಬರೆಸಿಕೊಂಡು ಬಿಟ್ಟರು. ಲೈಸೆನ್ಸ್ ಕೆಲವು ಕಾಲ ಅಮಾನತಾಯಿತು. ಅಷ್ಟು ದಿನ ಅವನು ಮೊಯಿನುದ್ದೀನನ ಗ್ಯಾರೇಜಿನಲ್ಲೇ ಕೆಲಸ ಮಾಡಿದ. ಮೊಯಿನುದ್ದೀನ್ ಹೆದರಿದ್ದಂತೆ ಕೆಲವು ಓನರುಗಳು ಆ ಬಾಗಿಲಿಗೆ ಬರುವುದನ್ನು ಬಿಟ್ಟರು. ಆದರೆ ಡ್ರೈವರುಗಳು ಬಿಡಲಿಲ್ಲ. ಗಾಡಿ ತೋರಿಸುವುದಾದರೆ ಅಲ್ಲಿಗೇ, ಅಂತ ಹಟ ಹಿಡಿದು ತಂದು ನಿಲ್ಲಿಸುತ್ತಿದ್ದರು.

ಪರಿಹಾರದ ಕೇಸು ದಿವ್ಯ ಹೇಳಿದಂತೆಯೇ ಎಳೆಯಿತು. ಕೊನೆಗೆ, ಮೊದಲು ವಿಮಾ ಕಂಪನಿ ಕೊಡಲಿ, ಆಮೇಲೆ ಮಾಲೀಕನಿಂದ ವಸೂಲು ಮಾಡಿಕೊಳ್ಳಲಿ ಅಂತ ಆದೇಶ ಬಂತು. ದಿವ್ಯ ಮನೆಗೇ ಬಂದು ಆದೇಶ ಓದಿ ಹೇಳಿದಳು. ಅವಳು ಆಮೇಲೆ ಎಷ್ಟೋ ಜನರ ಹತ್ತಿರ ಹೇಳಿಕೊಂಡಳು: ನನ್ನ ಕಕ್ಷಿದಾರರಲ್ಲಿ ಗೆಲ್ಲಬೇಕು ಅಂತ ಬಂದವರು ಬಹಳ ಜನ, ನಡೆದಿದ್ದು ನಡೆದಂಗೆ ಹೇಳಬೇಕು ಅಂತ ಬಂದವರು ಅವರೊಬ್ಬರೇ.

ನಾಗೇಶ ಜಲ್ಲಿಯನ್ನು ಬೇರೆಯವರಿಂದ ತರಿಸಲು ಶುರುಮಾಡಿದ. ಸೈಟಿನ ಗೇಟಿನಲ್ಲಿ ಲಾರಿ ನಿಲ್ಲಿಸಿ, ಡ್ರೈವರನ್ನು ಪಕ್ಕಕ್ಕೆ ಕರೆದು, "ಬ್ರೇಕ್ ಹೆಂಗಿದೆ ಗುರು? ನಿಜ ಹೇಳು, ನಿಮ್ ಓನರ್‌ಗೆ ಹೇಳಲ್ಲ" ಅಂತ ಕೇಳುವುದನ್ನು ಅಭ್ಯಾಸ ಮಾಡಿಕೊಂಡ. ಲಕ್ಕಣ್ಣನ ಮನೆಯವರು ಮಾತು ಬಿಟ್ಟರು. ನೆಂಟರಲ್ಲಿ ಕೆಲವರು ಮುಖ ತಿರುಗಿಸಿದರು. ಮುನಿಕೃಷ್ಣಮ್ಮ ಅದನ್ನು ಕಂಡೂ ಕಾಣದಂತೆ ಎಲ್ಲರ ಮನೆಯ ಶುಭಕಾರ್ಯಕ್ಕೂ ಹೋಗಿ ಬರುತ್ತಿದ್ದರು.

ಯಲಹಂಕದ ಛತ್ರದಲ್ಲಿ ನಾದಿನಿಯ ಮೊಮ್ಮಗಳ ಮದುವೆ. ಊಟದ ಪಂಕ್ತಿಯಲ್ಲಿ ಅವರು ಕೂತಿದ್ದಾಗ ಲಕ್ಕಣ್ಣ ಎದುರಿಗೆ ಬಂದು ನಿಂತ. ಸುತ್ತಲಿನವರು ಮಾತು ನಿಲ್ಲಿಸಿದರು. ಅವನು ತುಸು ಬಡವಾಗಿದ್ದ, ಕೂದಲು ನೆರೆತಿತ್ತು. ಅವನ ಮೇಲಿನ ಕೇಸು ಇನ್ನೂ ನಡೆಯುತ್ತಿತ್ತು.

"ಅಕ್ಕಾ" ಅಂದ. "ಎಲ್ಲಾ ಗಾಡಿಗೂ ಬ್ರೇಕ್ ಹೊಸದು ಮಾಡ್ಸಿದೀನಿ. ಆಗದೇ ಇರೋವನ್ನ ಗುಜರಿಗೆ ಕೊಟ್ಟೆ. ಡ್ರೈವರ್ ಬೇಡ ಅಂದ್ರೆ ಗಾಡಿ ಆಚೆ ಹೋಗಲ್ಲ ಅಂತ ಹೇಳ್ಬಿಟ್ಟಿದೀನಿ."

"ಒಳ್ಳೇದಾಯ್ತು ಕಣಪ್ಪಾ."

ಅವನು ಇನ್ನೂ ಏನಕ್ಕೋ ಕಾಯುತ್ತಿದ್ದ. "ಇನ್ನಾದ್ರೂ ಕೋರ್ಟಲ್ಲಿ..."

"ಅಲ್ಲಿ ನಾನು ಕಂಡಿದ್ದನ್ನೇ ಹೇಳ್ತೀನಿ ಲಕ್ಕಣ್ಣ. ಇದನ್ನೂ ಹೇಳ್ತೀನಿ, ಗಾಡಿಗಳನ್ನ ಸರಿ ಮಾಡ್ಸ್ದ ಅಂತ. ಎರಡೂ ನಿಜ ತಾನೆ?"

ಲಕ್ಕಣ್ಣ ತಲೆ ತಗ್ಗಿಸಿ, "ನಿಜ" ಅಂದ.

ಮುನಿಕೃಷ್ಣಮ್ಮ ಪಕ್ಕದ ಖಾಲಿ ಎಲೆಯ ಕಡೆ ಕೈ ತೋರಿಸಿದರು. "ನಿಂತ್ಕಂಡೇ ಯಾಕಿದೀಯ, ಕೂತ್ಕ. ಅನ್ನ ಬಡಿಸ್ತಾವ್ರೆ."

ಅವನು ಕೂತ. ಬಡಿಸುವವರು ಬಂದಾಗ ಮುನಿಕೃಷ್ಣಮ್ಮ, "ಇವ್ರಿಗೆ ಇನ್ನೊಂಚೂರು ತುಪ್ಪ ಹಾಕ್ರಪ್ಪಾ" ಅಂದರು.